ಕಲಾದಗಿಯ ಬರಗಾಲವೂ ಮನುಷ್ಯಶಕ್ತಿಯ ಅಳತೆಯೂ

ಭೂಮಿಯನ್ನು ಅಳೆಯುವುದಕ್ಕೆ ಸರಪಳಿಯುಂಟು. ಧಾನ್ಯವನ್ನು ಅಳೆಯುವುದಕ್ಕೆ ಸೇರು ಪಾವುಗಳುಂಟು. ಬಟ್ಟೆಯನ್ನು ಅಳೆಯುವುದಕ್ಕೆ ಗಜವುಂಟು. ಆದರೆ ಒಬ್ಬ ಮನುಷ್ಯನು ತನ್ನ ದಿನವನ್ನು ತಾನೇ ಸಾಗಿಸಿಕೊಂಡು ಹೋಗಬಲ್ಲನೇ, ಅಂದರೆ ಹಾಸಿಗೆಯಿಂದ ಏಳುವುದು, ಮೀಯುವುದು, ಉಡುವುದು, ಉಣ್ಣುವುದು, ನೀರು ತರುವುದು, ಸಂತೆಗೆ ಹೋಗಿ ಬರುವುದು ಇವೇ ಮೊದಲಾದ ನಿತ್ಯದ ಕೆಲಸಗಳನ್ನು ಎಷ್ಟರ ಮಟ್ಟಿಗೆ ಮಾಡಬಲ್ಲನು ಎಂಬುದನ್ನು ಅಳೆಯುವ ಬಗೆ ಯಾವುದು? ಒಬ್ಬನ ವಿಷಯದಲ್ಲಿಯೇ ಕಷ್ಟವಾದ ಈ ಅಳತೆಯನ್ನು ಒಂದು ಜಿಲ್ಲೆಯ, ಒಂದು ದೇಶದ ಸಮಸ್ತ ಜನರ ವಿಷಯದಲ್ಲಿ ಮಾಡುವುದೆಂತು? ಇದು ಈಚಿನ ವೈದ್ಯರೂ ಗಣಿತಜ್ಞರೂ ಎತ್ತಿದ ಪ್ರಶ್ನೆಯೆಂದು ನಮ್ಮಲ್ಲಿ ಅನೇಕರು ತಿಳಿದಿರುವರು. ಆದರೆ ನಮ್ಮ ಕಲಾದಗಿ ಸೀಮೆಯಲ್ಲಿ ಸುಮಾರು ಒಂದೂವರೆ ಶತಮಾನದ ಹಿಂದೆಯೇ ಇಂತಹ ಅಳತೆಯೊಂದು ನಡೆದುಹೋಯಿತು. ಅದು ಯಾರ ಪ್ರಯೋಜನಕ್ಕಾಗಿ ನಡೆಯಿತು, ಅದರಿಂದ ಏನಾಯಿತು, ಅದರ ನೆನಪು ನಮಗೆ ಈಗ ಏನನ್ನು ಕಲಿಸತಕ್ಕದ್ದು ಎಂಬುದನ್ನು ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ಹಿಂದಿನವರ ವಿಚಾರವನ್ನು ಸ್ವಲ್ಪ ನೋಡೋಣ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ರೋಗಿಯನ್ನು ಹತ್ತು ಬಗೆಯಾಗಿ ಪರೀಕ್ಷಿಸಬೇಕೆಂದು ವಿಧಿಸಿದೆ. ಅವುಗಳಲ್ಲಿ ವ್ಯಾಯಾಮಶಕ್ತಿಯೂ ಒಂದು. ಒಬ್ಬನ ಬಲವನ್ನು ಅವನು ಮಾಡಬಲ್ಲ ಕೆಲಸದಿಂದ ತಿಳಿದು ಉತ್ತಮ, ಮಧ್ಯಮ, ಅಧಮವೆಂದು ಮೂರು ತರಗತಿಗಳಲ್ಲಿ ಇರಿಸಬೇಕೆಂಬುದು ಅಲ್ಲಿಯ ಮತ. ದೇಹದ ಗಾತ್ರವನ್ನು ನೋಡಿ ಬಲವನ್ನು ಊಹಿಸಬಾರದೆಂಬ ಎಚ್ಚರಿಕೆಯೂ ಅಲ್ಲಿಯೇ ಇದೆ. ಕೃಶನಾದವನೂ ಇರುವೆಯು ಭಾರವನ್ನು ಹೊರುವಂತೆ ಹೊರಬಲ್ಲನು. ಸಾಂಖ್ಯರಾದರೋ ಅಶಕ್ತಿಯನ್ನು ಇಪ್ಪತ್ತೆಂಟು ಬಗೆಯಾಗಿ ಎಣಿಸಿ, ಅವುಗಳಲ್ಲಿ ಹನ್ನೊಂದನ್ನು ಇಂದ್ರಿಯಗಳ ಹಾನಿಯಿಂದ ಉಂಟಾದವೆಂದೂ ಉಳಿದವನ್ನು ಬುದ್ಧಿಯ ಹಾನಿಯಿಂದ ಉಂಟಾದವೆಂದೂ ಹೇಳಿದರು. ಕುರುಡನ ಹೆಗಲ ಮೇಲೆ ಕುಂಟನು ಕುಳಿತು ಇಬ್ಬರೂ ದಾರಿ ಸಾಗಿದ ಪಂಗ್ವಂಧ ನ್ಯಾಯವು ಎಲ್ಲರಿಗೂ ತಿಳಿದುದೇ. ಆ ನ್ಯಾಯವನ್ನು ಪಾಠಶಾಲೆಯಲ್ಲಿ ನಾವು ಪ್ರಕೃತಿಪುರುಷರ ಸಂಬಂಧಕ್ಕೆ ದೃಷ್ಟಾಂತವೆಂದಷ್ಟೇ ಓದಿದೆವು. ಆದರೆ ಅದರಲ್ಲಿ ಮತ್ತೊಂದು ಮಾತು ಅಡಗಿದೆ: ನಡೆಯಲಾರದವನಿಗೆ ಹೆಗಲು ದೊರೆತರೆ ಅವನು ಊರು ಸೇರುವನು, ದೊರೆಯದಿದ್ದರೆ ಕಾಡಿನಲ್ಲಿಯೇ ಉಳಿಯುವನು. ಕಾಲು ಎರಡು ಸಂದರ್ಭಗಳಲ್ಲಿಯೂ ಅದೇ ಕಾಲು. ಆದುದರಿಂದ ಶಕ್ತಿಯನ್ನು ಅಂಗದಲ್ಲಿ ಮಾತ್ರ ಹುಡುಕಿದರೆ ಅಳತೆಯು ಪೂರ್ಣವಾಗಲಾರದು.

ಇನ್ನು ಪ್ರಕೃತಕ್ಕೆ ಬರೋಣ. ಇಂದು ಬಾಗಲಕೋಟೆ ತಾಲೂಕಿನಲ್ಲಿ ಘಟಪ್ರಭೆಯ ದಡದ ಮೇಲೆ ದಾಳಿಂಬೆ ಚಿಕ್ಕು ಹಣ್ಣುಗಳಿಗೆ ಹೆಸರಾಗಿರುವ ಕಲಾದಗಿಯು ಒಂದು ಕಾಲಕ್ಕೆ ಮುಂಬಯಿ ಇಲಾಖೆಯ ಒಂದು ಜಿಲ್ಲೆಯ ಮುಖ್ಯ ಸ್ಥಳವಾಗಿದ್ದಿತು. ಬಾಗಲಕೋಟೆ, ಬಾದಾಮಿ, ಹುನಗುಂದ, ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ, ವಿಜಾಪುರ ಇವೆಲ್ಲವೂ ಕಲಾದಗಿಯ ಕಲೆಕ್ಟರನ ಆಳಿಕೆಗೆ ಒಳಪಟ್ಟಿದ್ದವು. ೧೮೮೫ರಲ್ಲಿ ಕಚೇರಿಯು ವಿಜಾಪುರಕ್ಕೆ ಹೋದ ಮೇಲೆ ಜಿಲ್ಲೆಯ ಹೆಸರೂ ಬದಲಾಯಿತು. ೧೯೯೭ರಲ್ಲಿ ಬಾಗಲಕೋಟೆಯು ಬೇರೆ ಜಿಲ್ಲೆಯಾಯಿತು.

೧೮೭೬ರಲ್ಲಿ ಮಳೆಯು ಕೈಕೊಟ್ಟಿತು. ಮುಂಗಾರಿ ಒಣಗಿತು, ಹಿಂಗಾರಿ ಬಿತ್ತಿಗೆಯೇ ಆಗಲಿಲ್ಲ. ಧಾತು, ಈಶ್ವರ ಸಂವತ್ಸರಗಳ ಆ ದೊಡ್ಡ ಬರವು ಮದರಾಸು, ಮೈಸೂರು, ಹೈದರಾಬಾದು, ಮುಂಬಯಿ ಸೀಮೆಗಳನ್ನೆಲ್ಲ ವ್ಯಾಪಿಸಿತು. ಮುಂಬಯಿ ಇಲಾಖೆಯಲ್ಲಿ ಅತಿಯಾಗಿ ನೊಂದ ಜಿಲ್ಲೆಗಳಲ್ಲಿ ಕಲಾದಗಿಯೊಂದು. ಆಗ ಈ ಭಾಗಕ್ಕೆ ರೈಲುದಾರಿ ಇರಲಿಲ್ಲ; ಗದಗ ಹೋಟಗಿ ದಾರಿಯಾದುದು ೧೮೮೪ರಲ್ಲಿ. ಧಾನ್ಯವು ಎತ್ತಿನ ಬಂಡಿಯ ಮೇಲೆಯೇ ಬರಬೇಕು. ಎತ್ತುಗಳಿಗೆ ಮೇವಿಲ್ಲ, ನೀರಿಲ್ಲ. ಜನರು ಗುಂಪುಗುಂಪಾಗಿ ಊರು ಬಿಟ್ಟು ನಿಜಾಮನ ಸೀಮೆಯ ಕಡೆಗೆ ನಡೆದರು. ಸರಕಾರವು ರಸ್ತೆ, ಕೆರೆ ಮೊದಲಾದ ಕೆಲಸಗಳನ್ನು ತೆರೆದು, ಅಗೆದು ಹೊತ್ತವರಿಗೆ ಕೂಲಿ ಕೊಡಲಾರಂಭಿಸಿತು.

ಇಲ್ಲಿಯೇ ಅಳತೆಯು ಬಂದಿತು. ಬಂದವರೆಲ್ಲರಿಗೂ ಒಂದೇ ಕೂಲಿ ಕೊಟ್ಟರೆ ಬೊಕ್ಕಸವು ಬರಿದಾಗುವುದೆಂಬ ಭಯದಿಂದ ೧೮೭೬-೭೭ರ ಚಳಿಗಾಲದಲ್ಲಿ ಕೆಲಸಗಾರರನ್ನು ಎರಡು ವರ್ಗಗಳಾಗಿ ಒಡೆದರು. ಗಟ್ಟಿಮುಟ್ಟಾದವರು ಒಂದು ವರ್ಗ; ಇವರು ಇಂಜಿನಿಯರ ಖಾತೆಯ ಕೆಲಸಕ್ಕೆ ಹೋಗಿ ಗೊತ್ತುಮಾಡಿದಷ್ಟು ಅಗೆಯಬೇಕು. ಮುದುಕರೂ ನಿಶ್ಶಕ್ತರೂ ಇನ್ನೊಂದು ವರ್ಗ. ಇವರು ಮಾಮಲೇದಾರ ಮೊದಲಾದವರ ಮೇಲ್ವಿಚಾರಣೆಯಲ್ಲಿ ಕೈಲಾದಷ್ಟು ಮಾಡಬೇಕು, ಇಷ್ಟೇ ಎಂಬ ನಿರ್ಬಂಧವಿಲ್ಲ. ಗಟ್ಟಿಗನಾದ ಗಂಡಾಳಿಗೆ ಒಂದು ಪೌಂಡು ಧಾನ್ಯದ ಬೆಲೆಯ ಮೇಲೆ ಒಂದಾಣೆ; ನಿಶ್ಶಕ್ತನಿಗೆ ಒಂದು ಪೌಂಡಿನ ಬೆಲೆಯ ಮೇಲೆ ಅರ್ಧ ಆಣೆ. ಹೆಂಗಸರಿಗೂ ಮಕ್ಕಳಿಗೂ ಇನ್ನೂ ಕಡಿಮೆ. ಒಂದು ಪೌಂಡು ಎಂದರೆ ಈಗಿನ ತೂಕದಲ್ಲಿ ಸುಮಾರು ೪೫೪ ಗ್ರಾಮು. ೧೮೭೭ರ ಜನೇವರಿಯಲ್ಲಿ ಹಿಂದುಸ್ತಾನ ಸರಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲನು ದಿನಕ್ಕೆ ಒಂದು ಪೌಂಡು ಧಾನ್ಯವಿದ್ದರೆ ಜೀವ ನಿಲ್ಲುವುದೆಂದು ಸಾಧಿಸುತ್ತಿದ್ದನು. ಅದೇ ತಿಂಗಳಲ್ಲಿ ಮುಂಬಯಿ ಇಲಾಖೆಯಲ್ಲಿಯೂ ಕೂಲಿ ಕೆಲಸಗಳ ಕಟ್ಟುಗಳು ಬಿಗಿಯಾದವು.

ವಾಚಕರು ಈ ಏರ್ಪಾಡನ್ನು ಸ್ವಲ್ಪ ಯೋಚಿಸಿ ನೋಡಬೇಕು. ಜನರ ಶಕ್ತಿಯನ್ನು ಗಣನೆಗೆ ತಂದುದು ತಪ್ಪಲ್ಲ; ಮುದುಕಿಯ ತಲೆಯ ಮೇಲೆ ತರುಣನ ಬುಟ್ಟಿಯನ್ನು ಹೊರಿಸಬಾರದೆಂಬ ವಿಚಾರವು ಅದರಲ್ಲಿದ್ದಿತು. ಆದರೆ ಅಳತೆಯ ಮೊನೆಯು ಎಲ್ಲಿಗೆ ತಾಕಿತು? ಶಕ್ತಿ ಕುಂದಿದವನಿಗೆ ಕೂಲಿ ಕುಂದಿತು. ಕೂಲಿ ಕುಂದಿದುದರಿಂದ ಉಣಿಸು ಕುಂದಿತು. ಉಣಿಸು ಕುಂದಿದುದರಿಂದ ಇದ್ದ ಶಕ್ತಿಯೂ ಕುಂದಿತು. ಚೇತರಿಸಿಕೊಳ್ಳುವುದಕ್ಕೆ ಹೆಚ್ಚು ಬೇಕಾದವನಿಗೇ ಕಡಿಮೆ ದೊರೆಯಿತು. ಚರಕನು ಬಲವನ್ನು ಅಳೆಯಹೇಳಿದುದು ಔಷಧದ ಮಾತ್ರೆಯನ್ನು ರೋಗಿಗೆ ಹೊಂದಿಸುವುದಕ್ಕಾಗಿ. ಇಲ್ಲಿ ಅಳೆದುದು ಖರ್ಚಿನ ಮಾತ್ರೆಯನ್ನು ಬೊಕ್ಕಸಕ್ಕೆ ಹೊಂದಿಸುವುದಕ್ಕಾಗಿ. ಅಳೆಯುವ ಕೋಲು ಒಂದೇ ಆದರೂ ಉದ್ದೇಶವು ಬೇರೆಯಾದರೆ ಫಲವೂ ಬೇರೆಯಾಗುವುದು.

ಮತ್ತೊಂದು ದೋಷವೂ ಇದ್ದಿತು. ಶಕ್ತಿಯೆಂದರೆ ಗುದ್ದಲಿ ಹಿಡಿಯುವ ಶಕ್ತಿ ಎಂದಷ್ಟೇ ಆ ಅಳತೆಯು ತಿಳಿದಿದ್ದಿತು. ನಮ್ಮ ಸೀಮೆಯಲ್ಲಿ ಇಲಕಲ್ಲ, ಗುಳೇದಗುಡ್ಡಗಳ ನೇಕಾರರು ತಲೆತಲಾಂತರದಿಂದ ಕುಣಿಮಗ್ಗದಲ್ಲಿ ಕುಳಿತು ಬದುಕಿದವರು. ಇಲಕಲ್ಲ ಸೀರೆಯಲ್ಲಿ ಮೈಯ ಹಾಸಿನ ಎಳೆಗಳನ್ನೂ ಸೆರಗಿನ ಹಾಸಿನ ಎಳೆಗಳನ್ನೂ ಕೊಂಡಿ ಹಾಕಿ ಒಂದೊಂದಾಗಿ ಕೂಡಿಸಬೇಕು. ಅದಕ್ಕೆ ಬೇಕಾದುದು ಕಣ್ಣಿನ ತೀಕ್ಷ್ಣತೆ, ಬೆರಳಿನ ನಯ, ಸೊಂಟದ ತಾಳ್ಮೆ. ಇಂತಹವನನ್ನು ಕಲ್ಲು ಒಡೆಯುವ ಸಾಲಿನಲ್ಲಿ ನಿಲ್ಲಿಸಿದರೆ ಅವನು ಗಟ್ಟಿಗನೋ ನಿಶ್ಶಕ್ತನೋ? ಕೈಯಲ್ಲಿ ಬೊಕ್ಕೆ ಎದ್ದ ಮೇಲೆ ಬರ ಕಳೆದರೂ ಅವನು ಮಗ್ಗಕ್ಕೆ ಮರಳಲಾರನು. ಅತ್ತ ಮಗ್ಗದಲ್ಲಿ ಲೀಲೆಯಿಂದ ದುಡಿಯುವ ಅರವತ್ತರ ಮುದುಕನು ಇತ್ತ ಗುದ್ದಲಿಯ ಮುಂದೆ ಅಶಕ್ತರ ಪಟ್ಟಿಗೆ ಸೇರುವನು. ಮುಂದಿನ ದಿನಗಳಲ್ಲಿ ನೇಕಾರರಿಗೆ ಅವರ ಕಸುಬಿನಲ್ಲಿಯೇ ಕೆಲಸ ಕೊಡುವ ವಿಚಾರವು ಬರಪರಿಹಾರದ ನಿಯಮಗಳಲ್ಲಿ ಸ್ಥಾನ ಪಡೆದುದು ಈ ಅನುಭವವಾದ ಮೇಲೆಯೇ.

ಆ ಅಳತೆಯನ್ನು ಅಂದೇ ಪ್ರಶ್ನಿಸಿದವರು ಇಲ್ಲದಿರಲಿಲ್ಲ. ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ ಕಾರ್ನಿಷನು ಒಂದು ಪೌಂಡು ಧಾನ್ಯದಲ್ಲಿ ದುಡಿಯುವ ಮನುಷ್ಯನು ಉಳಿಯಲಾರನೆಂದು ಲೆಕ್ಕ ಸಹಿತವಾಗಿ ವಾದಿಸಿದನು. ೧೮೭೭ರ ಮೇ ತಿಂಗಳಲ್ಲಿ ಆ ಪ್ರಮಾಣವನ್ನು ಮದರಾಸಿನಲ್ಲಿ ಕೈಬಿಡಬೇಕಾಯಿತು. ಮುಂಬಯಿ ಇಲಾಖೆಯ ದಖನಿನಲ್ಲಿ ಸಾವಿರಾರು ಕೆಲಸಗಾರರು ಕೂಲಿ ಇಳಿಸಿದುದನ್ನು ಸಹಿಸದೆ ಕೆಲಸ ಬಿಟ್ಟು ಹೊರಟರು. ೧೮೭೦ರಲ್ಲಿ ಹುಟ್ಟಿದ ಪುಣೆಯ ಸಾರ್ವಜನಿಕ ಸಭೆಯು ಜಿಲ್ಲೆಗಳಿಂದ ವರದಿಗಳನ್ನು ತರಿಸಿ ಸರಕಾರಕ್ಕೆ ಅರ್ಜಿಯ ಮೇಲೆ ಅರ್ಜಿ ಕಳಿಸಿತು. ಉಣ್ಣುವವನ ಮಾತನ್ನು ಕೇಳದೆ ಅವನ ಉಣಿಸನ್ನು ನಿಶ್ಚಯಿಸಬಾರದೆಂಬುದೇ ಈ ಎಲ್ಲ ವಿರೋಧದ ಸಾರವಾಗಿದ್ದಿತು.

ಬರ ಕಳೆದ ಮೇಲೆ ೧೮೮೧ರ ಫೆಬ್ರುವರಿ ೧೭ರಂದು ಜನಗಣತಿಯಾಯಿತು. ೧೮೭೨ರಲ್ಲಿ ಎಂಟು ಲಕ್ಷಕ್ಕೆ ಮೇಲ್ಪಟ್ಟಿದ್ದ ಕಲಾದಗಿ ಜಿಲ್ಲೆಯ ಜನಸಂಖ್ಯೆಯು ಆರೂವರೆ ಲಕ್ಷಕ್ಕೂ ಕಡಿಮೆಯಾಗಿದ್ದಿತು. ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನರು ಇಲ್ಲವಾಗಿದ್ದರು. ಎಲ್ಲರೂ ಸತ್ತರೆಂದಲ್ಲ, ಊರು ಬಿಟ್ಟು ಮರಳದವರೂ ಇದರಲ್ಲಿ ಸೇರಿದ್ದಾರೆ. ಆದರೆ ಕಲಾದಗಿಯ ಮಟ್ಟಿಗೆ ಆ ಅಳತೆಯ ಫಲಿತಾಂಶವು ಈ ಅಂಕಿಯಲ್ಲಿಯೇ ಬರೆದಿದೆ ಎಂದರೆ ತಪ್ಪಾಗಲಾರದು.

ಸರಕಾರವೂ ಪಾಠ ಕಲಿಯದಿರಲಿಲ್ಲ. ೧೮೭೮ರಲ್ಲಿ ಸರ್ ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯಲ್ಲಿ ನೇಮಕವಾದ ಬರಗಾಲದ ಆಯೋಗವು ೧೮೮೦ರಲ್ಲಿ ವರದಿ ಸಲ್ಲಿಸಿತು. ೧೮೮೩ರಲ್ಲಿ ಬರಗಾಲ ಸಂಹಿತೆಯ ಕರಡು ಹೊರಟಿತು. ಅದರಲ್ಲಿ ಕೆಲಸ ಬೇಡುವವರನ್ನು ಎರಡು ವರ್ಗಗಳಿಗೆ ಬದಲಾಗಿ ನಾಲ್ಕು ವರ್ಗಗಳಾಗಿ ಮಾಡಿದರು: ಮಣ್ಣುಕೆಲಸವೇ ಕಸುಬಾದ ಗಟ್ಟಿಗರು, ಕೂಲಿಗಾರರಾದರೂ ಆ ಕೆಲಸದಲ್ಲಿ ಪಳಗದವರು, ಕೂಲಿಯೇ ಕಸುಬಲ್ಲದವರು, ಹಗುರ ಕೆಲಸಕ್ಕೆ ಮಾತ್ರ ತಕ್ಕವರು. ಶಕ್ತಿಯಲ್ಲಿ ಅಭ್ಯಾಸದ ಪಾಲೂ ಉಂಟೆಂಬುದು ಇದರಿಂದ ಒಪ್ಪಿತವಾಯಿತು. ಇದಕ್ಕಿಂತಲೂ ಗಮನಿಸತಕ್ಕ ಸಂಗತಿಯೊಂದುಂಟು. ಕೆಲಸವನ್ನೇ ಮಾಡಲಾರದವರ ಪಟ್ಟಿಯನ್ನು ಹಳ್ಳಿಹಳ್ಳಿಯಲ್ಲಿ ಬರೆದು ಅವರಿಗೆ ಮನೆಯಲ್ಲಿಯೇ ಧರ್ಮಾರ್ಥವಾಗಿ ಸಹಾಯ ಕೊಡಬೇಕೆಂದು ಸಂಹಿತೆಗಳು ವಿಧಿಸಿದವು. ಕುರುಡರು, ಕುಂಟರು, ಬುದ್ಧಿ ವಿಕಲರು, ಮುಪ್ಪಿನಿಂದ ಕುಗ್ಗಿದವರು ಇವರೊಡನೆ, ಇಂತಹವರನ್ನೂ ಹಸುಗೂಸುಗಳನ್ನೂ ನೋಡಿಕೊಳ್ಳುವುದಕ್ಕಾಗಿ ಮನೆ ಬಿಟ್ಟು ಹೋಗಲಾರದವರಿಗೂ ಆ ಪಟ್ಟಿಯಲ್ಲಿ ಸ್ಥಳವಿದ್ದಿತು. ಒಬ್ಬನ ಅಶಕ್ತಿಯು ಮನೆಯ ಮತ್ತೊಬ್ಬರ ಶಕ್ತಿಯನ್ನು ಕಟ್ಟಿಹಾಕುವುದೆಂಬ ಈ ತಿಳಿವಳಿಕೆಯು ನಮ್ಮ ಕಾಲದ ಎಷ್ಟೋ ಲೆಕ್ಕಪತ್ರಗಳಲ್ಲಿಯೂ ಇಲ್ಲ.

ಜನಗಣತಿಯ ದಾರಿಯು ಬೇರೆಯಾಯಿತು. ೧೮೭೨ರಿಂದ ೧೯೩೧ರ ವರೆಗೆ ಪ್ರತಿ ಗಣತಿಯಲ್ಲಿಯೂ ಅಂಗವೈಕಲ್ಯದ ಕಲಮೊಂದಿದ್ದಿತು. ಅದರಲ್ಲಿ ಹುಚ್ಚರು, ಕಿವುಡುಮೂಕರು, ಕುರುಡರು, ಕುಷ್ಠರೋಗಿಗಳು ಎಂಬ ನಾಲ್ಕೇ ಬಗೆ. ಕಣ್ಣಿನ ವಿಷಯದಲ್ಲಿ ಎರಡೂ ಕಣ್ಣು ಹೋದವರನ್ನು ಮಾತ್ರ ಬರೆಯಬೇಕು. ನಡೆಯಲಾರದವನಿಗೆ ಆ ಕಲಮಿನಲ್ಲಿ ಸ್ಥಳವಿರಲಿಲ್ಲ. ಮಬ್ಬುಗಣ್ಣಿನಿಂದ ಹೊಲದ ದಾರಿ ಕಾಣದವನು, ನಡುಗುವ ಕೈಯಿಂದ ತುತ್ತೆತ್ತಲಾರದವನು, ಇವರು ಲೆಕ್ಕದ ಮಟ್ಟಿಗೆ ಪೂರ್ಣಶಕ್ತರು. ಮನೆಯವರು ನಾಚಿಕೆಯಿಂದ ಮರೆಮಾಚುವರೆಂದು ಗಣತಿಯ ಅಧಿಕಾರಿಗಳೇ ದೂರುತ್ತಿದ್ದರು. ೧೯೩೧ರ ತರುವಾಯ ಈ ಕಲಮೇ ಬಿಟ್ಟುಹೋಗಿ, ೧೯೮೧ರಲ್ಲಿ ಒಮ್ಮೆ ತಲೆದೋರಿ, ೧೯೯೧ರಲ್ಲಿ ಮರೆಯಾಗಿ, ೨೦೦೧ರಲ್ಲಿ ಐದು ಬಗೆಗಳೊಡನೆ ಮರಳಿತು. ೨೦೧೧ರಲ್ಲಿ ಎಂಟು ಬಗೆಗಳಾದವು, ದೇಶದಲ್ಲಿ ೨.೬೮ ಕೋಟಿ ಜನರು, ಅಂದರೆ ನೂರಕ್ಕೆ ೨.೨೧ರಷ್ಟು ಜನರು ವಿಕಲಾಂಗರೆಂದು ಗೊತ್ತಾಯಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯು ಜಗತ್ತಿನ ಜನರಲ್ಲಿ ನೂರಕ್ಕೆ ಸುಮಾರು ಹದಿನೈದು ಮಂದಿ ಯಾವುದಾದರೊಂದು ಬಗೆಯ ಅಶಕ್ತಿಯಿಂದ ಬದುಕುತ್ತಿರುವರೆಂದು ಅಂದಾಜು ಮಾಡಿತು. ನಮ್ಮ ಜನರು ಜಗತ್ತಿನವರಿಗಿಂತ ಏಳು ಪಟ್ಟು ಗಟ್ಟಿಗರೆಂದು ಇದರಿಂದ ಹಿಗ್ಗಬೇಕೇ? ಹಾಗಲ್ಲ, ಕೇಳಿದ ಪ್ರಶ್ನೆಗಳೇ ಬೇರೆ.

ಆ ಬೇರೆ ಪ್ರಶ್ನೆಗಳ ಚರಿತ್ರೆಯೂ ಸಂಕ್ಷೇಪವಾಗಿ ತಿಳಿಯತಕ್ಕದ್ದು. ೧೯೬೩ರಲ್ಲಿ ಅಮೇರಿಕೆಯ ಕಾಟ್ಜ್ ಎಂಬ ವೈದ್ಯನೂ ಅವನ ಜೊತೆಗಾರರೂ ಮುದುಕರ ಶಕ್ತಿಯನ್ನು ಆರು ಕೆಲಸಗಳಿಂದ ಅಳೆದರು: ಮೀಯುವುದು, ಉಡುವುದು, ಶೌಚಕ್ಕೆ ಹೋಗುವುದು, ಹಾಸಿಗೆಯಿಂದ ಏಳುವುದು, ಮಲಮೂತ್ರಗಳ ಹಿಡಿತ, ಉಣ್ಣುವುದು. ೧೯೬೯ರಲ್ಲಿ ಲಾಟನ್ ಮತ್ತು ಬ್ರೋಡಿ ಎಂಬವರು ಅಡಿಗೆ, ಸಾಮಾನು ಕೊಳ್ಳುವುದು, ಹಣದ ವ್ಯವಹಾರ, ಔಷಧ ತೆಗೆದುಕೊಳ್ಳುವುದು ಮೊದಲಾದವನ್ನು ಕೂಡಿಸಿದರು. ರೋಗದ ಹೆಸರನ್ನು ಬಿಟ್ಟು ಕೆಲಸವನ್ನು ಹಿಡಿದುದು ಇವರ ಹೊಸತನ. ಆದರೆ ಆ ಪಟ್ಟಿಗಳನ್ನು ನಮ್ಮಲ್ಲಿಗೆ ಹಾಗೆಯೇ ತಂದರೆ ತೊಡಕುಂಟು. ಹುಟ್ಟಿದಂದಿನಿಂದ ಒಲೆಯ ಮುಂದೆ ಕುಳಿತಿರದ ಗಂಡಸು ಅಡಿಗೆ ಮಾಡಲಾರನೋ, ಮಾಡನೋ? ಎಂದೂ ಕೈಗೆ ಹಣ ಕೊಡದ ಮನೆಯ ಮುದುಕಿಗೆ ಹಣದ ಲೆಕ್ಕ ಬಾರದೋ, ಅದನ್ನು ಅವಳಿಗೆ ಬಿಟ್ಟಿಲ್ಲವೋ? ಈ ಕಷ್ಟವನ್ನು ಅರಿತು ಹರಿಯಾಣದ ಬಲ್ಲಭಗಢದ ಸುತ್ತಿನ ಹಳ್ಳಿಗಳಲ್ಲಿ ಓದುಬರಹವಿಲ್ಲದ ಮುದುಕರಿಗಾಗಿ ಒಂದು ಪ್ರಶ್ನಾವಳಿಯನ್ನು ರಚಿಸಿ ೧೯೯೯ರಲ್ಲಿ ಪ್ರಕಟಿಸಿದರು. ಊರೊಳಗೆ ದಾರಿ ತಪ್ಪುವರೇ, ಹೇಳಿ ಕಳಿಸಿದ ಮಾತನ್ನು ಮುಟ್ಟಿಸುವರೇ, ದೊಡ್ಡ ಹಬ್ಬಗಳ ನೆನಪುಂಟೇ, ಮದುವೆಯಂತಹ ಮನೆಯ ಕಾರ್ಯದಲ್ಲಿ ತಮ್ಮ ಅಭಿಪ್ರಾಯ ಹೇಳುವರೇ ಎಂಬವು ಅದರಲ್ಲಿಯ ಪ್ರಶ್ನೆಗಳಲ್ಲಿ ಕೆಲವು. ಇದನ್ನು ಓದಿದಾಗ ನಮ್ಮ ಮನೆಯ ಹಿರಿಯರೇ ಕಣ್ಣೆದುರಿಗೆ ಬರುವರು.

ಸಮಸ್ತ ಜನರ ಗಣತಿಗೆಂದು ಸಂಯುಕ್ತ ರಾಷ್ಟ್ರಗಳ ಆಶ್ರಯದಲ್ಲಿ ೨೦೦೧ರಲ್ಲಿ ಕೂಡಿದ ವಾಷಿಂಗ್ಟನ್ ಮಂಡಲಿಯು ಆರೇ ಪ್ರಶ್ನೆಗಳನ್ನು ಸೂಚಿಸಿತು. ಕನ್ನಡಕ ಹಾಕಿಕೊಂಡರೂ ನೋಡುವುದಕ್ಕೆ ತೊಂದರೆಯುಂಟೇ? ಕೇಳುವುದಕ್ಕೆ? ನಡೆಯುವುದಕ್ಕೆ, ಮೆಟ್ಟಿಲು ಹತ್ತುವುದಕ್ಕೆ? ನೆನಪಿಡುವುದಕ್ಕೆ? ಮೀಯುವುದು ಉಡುವುದಕ್ಕೆ? ಮಾತು ತಿಳಿಸುವುದಕ್ಕೆ, ತಿಳಿಯುವುದಕ್ಕೆ? ಉತ್ತರವು ಉಂಟು ಇಲ್ಲ ಎಂದಲ್ಲ. ತೊಂದರೆಯಿಲ್ಲ, ಸ್ವಲ್ಪ ತೊಂದರೆ, ಬಹಳ ತೊಂದರೆ, ಆಗುವುದೇ ಇಲ್ಲ ಎಂದು ನಾಲ್ಕು ಮೆಟ್ಟಿಲು. ಇಲ್ಲಿ ‘ನೀನು ಅಂಗಹೀನನೋ’ ಎಂದು ಯಾರೂ ಕೇಳುವುದಿಲ್ಲ. ಚರಕನ ತರತಮಭಾವವೂ ಪಂಗ್ವಂಧರ ಸಹಾಯದ ವಿಚಾರವೂ ಈ ಪ್ರಶ್ನೆಗಳಲ್ಲಿ ತಕ್ಕಮಟ್ಟಿಗೆ ಕಾಣಿಸುತ್ತವೆ.

ಇಷ್ಟನ್ನು ಬರೆಯುವುದಕ್ಕೆ ಕಾರಣವಾದ ನನ್ನದೊಂದು ತಪ್ಪನ್ನೂ ಹೇಳಿಬಿಡುವುದು ಯುಕ್ತ. ಗಣತಿಯ ಕೆಲಸವು ಬಹುಮಟ್ಟಿಗೆ ಶಾಲಾ ಮಾಸ್ತರರ ಹೆಗಲ ಮೇಲೆಯೇ ಬೀಳತಕ್ಕದ್ದಾದುದರಿಂದ ೨೦೧೧ರ ಫೆಬ್ರುವರಿಯಲ್ಲಿ ನಾನೂ ಪಟ್ಟಿ ಹಿಡಿದು ಮನೆ ಮನೆ ತಿರುಗಿದೆನು. ಒಂದು ಮನೆಯ ಪಡಸಾಲೆಯಲ್ಲಿ ಕುಳಿತು ‘ನಿಮ್ಮಲ್ಲಿ ಅಂಗವಿಕಲರು ಯಾರಾದರೂ ಇರುವರೇ?’ ಎಂದು ಕೇಳಿದೆ. ಯಜಮಾನನು ‘ಇಲ್ಲ ಮಾಸ್ತರ, ದೇವರ ದಯ’ ಎಂದನು. ನಾನು ‘ಇಲ್ಲ’ ಎಂದು ಬರೆದೆ. ಏಳುವ ಹೊತ್ತಿಗೆ ಒಳಗಿನ ಕತ್ತಲೆಯಲ್ಲಿ ಅವನ ತಾಯಿ ಗೋಡೆಯನ್ನು ತಡವುತ್ತ, ಸೊಸೆಯ ಕೈ ಹಿಡಿದು ಹಿತ್ತಲಿಗೆ ಹೋಗುತ್ತಿದ್ದುದನ್ನು ಕಂಡೆ. ‘ಅವ್ವಗ ಕಣ್ಣು ಕಾಣಾಕಿಲ್ಲೇನು?’ ಎಂದೆ. ‘ವಯಸ್ಸಾತಲ್ರಿ, ಅದೇನು ಅಂಗವಿಕಲ ಅಲ್ಲ’ ಎಂದನು. ಅವನು ಸುಳ್ಳಾಡಲಿಲ್ಲ, ಮುಪ್ಪನ್ನು ವೈಕಲ್ಯವೆಂದು ಕರೆಯುವುದು ಅವನಿಗೆ ತಾಯಿಗೆ ಮಾಡುವ ಅವಮಾನವಾಗಿ ತೋರಿತು. ಸಂಜೆಯೊಳಗೆ ಇನ್ನೂ ಹತ್ತಾರು ಮನೆಗಳಿದ್ದವು. ಬರೆದುದನ್ನು ತಿದ್ದದೆ ನಾನು ಮುಂದಿನ ಬಾಗಿಲಿಗೆ ಹೋದೆನು. ಆ ಮುದುಕಿಯು ಹಾಗೆ ಪೂರ್ಣದೃಷ್ಟಿಯುಳ್ಳವಳಾಗಿ ದೇಶದ ಲೆಕ್ಕದಲ್ಲಿ ಸೇರಿಹೋದಳು. ಅವಳ ಕೈ ಹಿಡಿದ ಸೊಸೆಯ ದಿನದ ಲೆಕ್ಕವಂತೂ ಯಾವ ಕಲಮಿನಲ್ಲಿಯೂ ಇರಲಿಲ್ಲ. ಕಣ್ಣಿನ ಪೊರೆಯಾಗಿದ್ದರೆ ಒಂದು ಶಸ್ತ್ರಕ್ರಿಯೆಯಿಂದ ಹೋಗುತ್ತಿದ್ದಿತೋ ಏನೋ. ‘ಅವ್ವನಿಗೆ ನೋಡುವುದಕ್ಕೆ ತೊಂದರೆಯಾಗುತ್ತದೆಯೇ?’ ಎಂದು ಮೊದಲೇ ಕೇಳಿದ್ದರೆ ಮಗನು ಹೌದೆನ್ನುತ್ತಿದ್ದನು.

೧೮೭೭ರ ಅಧಿಕಾರಿಯು ನಿಶ್ಶಕ್ತರನ್ನು ಕಂಡು ಅವರಿಗೆ ಕಡಿಮೆ ಕೊಟ್ಟನು. ೨೦೧೧ರ ನಾನು ನಿಶ್ಶಕ್ತಳನ್ನು ಕಂಡೂ ಲೆಕ್ಕದಿಂದ ಬಿಟ್ಟೆನು. ಯಾವುದು ಹೆಚ್ಚಿನ ಅಪರಾಧವೆಂದು ವಾಚಕರೇ ತೀರ್ಮಾನಿಸಲಿ. ಗೊತ್ತಿರುವ ಕೊರತೆಗೆ ಅರ್ಜಿ ಹಾಕಬಹುದು, ಕೂಗಬಹುದು, ಕಾರ್ನಿಷನಂತೆ ವಾದಿಸಬಹುದು. ಲೆಕ್ಕಕ್ಕೇ ಬಾರದ ಕೊರತೆಗೆ ವಾದಿಸುವವರಾರು?

೨೦೨೫ರಲ್ಲಿ ಹೊರಟ ಅಧಿಸೂಚನೆಯ ಪ್ರಕಾರ ಮುಂದಿನ ಜನಗಣತಿಗೆ ೨೦೨೭ರ ಮಾರ್ಚಿ ೧ನ್ನು ಆಧಾರದ ದಿನವೆಂದು ಗೊತ್ತುಮಾಡಿದೆ. ಪ್ರಶ್ನೆಗಳನ್ನು ರಚಿಸುವುದು ನಮ್ಮ ಕೈಯಲ್ಲಿಲ್ಲ. ಉತ್ತರ ಹೇಳುವುದು ನಮ್ಮ ಕೈಯಲ್ಲಿದೆ, ಕೇಳುವ ರೀತಿಯು ನಮ್ಮ ತರುಣ ಮಾಸ್ತರರ ಕೈಯಲ್ಲಿದೆ. ಬಾಗಿಲಲ್ಲಿ ನಿಂತು ಹೆಸರಿಟ್ಟು ಕೇಳುವುದಕ್ಕಿಂತ ಒಳಗೆ ಕುಳಿತು ಕೆಲಸವನ್ನು ಕೇಳಿರಿ: ನೆಲದ ಮೇಲೆ ಕುಳಿತು ಏಳುವಿರಾ? ಕೊಡ ಎತ್ತುವಿರಾ? ರೊಟ್ಟಿ ಬಡಿಯುವಿರಾ? ಮಗ್ಗದ ಎಳೆ ಕಾಣುತ್ತದೆಯೇ? ಸಂತೆಗೆ ಒಬ್ಬರೇ ಹೋಗಿ ಬರುವಿರಾ? ನಿಮ್ಮ ಕೈ ಹಿಡಿಯುವವರು ಯಾರು? ಉತ್ತರವನ್ನು ತಿಳಿದ ಮೇಲೆ ಕಲಮನ್ನು ತುಂಬಿರಿ. ಮನೆಯ ಯಜಮಾನರೂ ಇದರಲ್ಲಿ ನಾಚಿಕೆಪಡಬೇಕಾದುದೇನೂ ಇಲ್ಲ. ಕಲಾದಗಿಯ ಕೆಲಸದ ಸಾಲುಗಳಲ್ಲಿ ನಿಂತ ನಮ್ಮ ಹಿರಿಯರ ಹೆಸರುಗಳು ನಮಗೆ ಉಳಿದಿಲ್ಲ. ಎರಡು ವರ್ಗಗಳೂ ಎರಡು ಕೂಲಿಗಳೂ ಮಾತ್ರ ಉಳಿದಿವೆ. ಇಂದಿನ ಹಿರಿಯರ ವಿಷಯದಲ್ಲಾದರೂ ಅವರಿಗೆ ಯಾವ ಸಹಾಯ ಬೇಕಿದ್ದಿತೆಂಬುದು ಬರಹದಲ್ಲಿ ಉಳಿಯಲಿ, ಮತ್ತು ಅವರು ಬದುಕಿರುವಾಗಲೇ ಅದು ಅವರಿಗೆ ದೊರೆಯಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುವೆನು.